ಬಿಲ್ಲಿಂಗ್ ಡೇಟಾವನ್ನು ಸೇಲ್ಸ್‌ಫೋರ್ಸ್‌ಗೆ ಜೋಡಿಸಿದವರು ಅನುಭವ ಹೇಳಿ

ಪ್ರಶ್ನೆ: ನಮ್ಮ ಬಿಲ್ಲಿಂಗ್ ಪೂರ್ತಿ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿದೆ. ಸೇಲ್ಸ್‌ನವರು ಗ್ರಾಹಕರ ಮಾಹಿತಿ ಇಡಲು ಸೇಲ್ಸ್‌ಫೋರ್ಸ್ ಸಾಫ್ಟ್‌ವೇರ್ ಬಳಸುತ್ತಾರೆ. ಗ್ರಾಹಕರ ಬಾಕಿ ಅವರಿಗೆ ಅಲ್ಲೇ ಕಾಣಬೇಕು. ಕೋಡ್ ನಾವೇ ಬರೆಯುತ್ತೇವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕೋಡ್ ಆಮೇಲೆ ಸರ್. ಇಲ್ಲಿರುವ ಗ್ರಾಹಕರೇ ಅಲ್ಲಿರುವವರು ಅಂತ ಹೇಗೆ ಗುರುತಿಸುತ್ತೀರಿ? ಮೊದಲು ಅದು ತೀರ್ಮಾನ ಆಗಲಿ. ಹೆಸರು, ಫೋನ್ ನಂಬರ್ ನೆಚ್ಚಿಕೊಳ್ಳಬೇಡಿ. ನಂಬರ್ ಬದಲಾಗುತ್ತದೆ, ಒಂದೇ ಹೆಸರಿನ ಅಂಗಡಿ ಊರಿಗೊಂದು ಇರುತ್ತದೆ. ಬಿಲ್ಲಿಂಗ್‌ನ ಗ್ರಾಹಕ ಸಂಖ್ಯೆಗೆ ಸೇಲ್ಸ್‌ಫೋರ್ಸ್‌ನ ಅಕೌಂಟ್‌ನಲ್ಲಿ, ಅಂದರೆ ಗ್ರಾಹಕರ ರೆಕಾರ್ಡ್‌ನಲ್ಲಿ, ಒಂದು ಫೀಲ್ಡ್ ಮಾಡಿ. ಎಕ್ಸ್‌ಟರ್ನಲ್ ಐಡಿ (ಹೊರಗಿನ ಸಿಸ್ಟಂನ ಗುರುತು), ಯೂನಿಕ್ (ಒಂದೇ ಸಂಖ್ಯೆ ಎರಡು ಸಲ ಬರಬಾರದು) ಎರಡಕ್ಕೂ ಟಿಕ್ ಹಾಕಿ. ಆಮೇಲೆ ಅಪ್‌ಸರ್ಟ್ ಒಂದೇ ಸಾಕು. ಆ ಸಂಖ್ಯೆ ಇದ್ದರೆ ರೆಕಾರ್ಡ್ ಅಪ್‌ಡೇಟ್ ಆಗುತ್ತದೆ, ಇಲ್ಲದಿದ್ದರೆ ಹೊಸದು ಸೇರುತ್ತದೆ. ನಡುವೆ ನೆಟ್ ಹೋದರೂ ಧೈರ್ಯವಾಗಿ ಮತ್ತೆ ಓಡಿಸಬಹುದು, ಡಬಲ್ ಎಂಟ್ರಿ ಆಗಲ್ಲ.

ಇನ್ನೊಬ್ಬರು: ಇದಕ್ಕೊಂದು ಸೇರಿಸುತ್ತೇನೆ. ಸೇಲ್ಸ್‌ಫೋರ್ಸ್‌ನ ಸ್ವಂತ ಐಡಿಯನ್ನು ಮೈಎಸ್‌ಕ್ಯೂಎಲ್‌ನಲ್ಲಿ ಇಡುವುದಾದರೆ 18 ಅಕ್ಷರದ್ದನ್ನೇ ಇಡಿ. ರಿಪೋರ್ಟ್‌ನಿಂದ ತೆಗೆದರೆ 15 ಅಕ್ಷರದ್ದು ಬರುತ್ತದೆ. ಅದರಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಮೈಎಸ್‌ಕ್ಯೂಎಲ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎರಡನ್ನೂ ಒಂದೇ ಅಂತ ನೋಡುತ್ತದೆ. ಎಕ್ಸೆಲ್‌ನ ವಿಲುಕಪ್ ಕೂಡ ಹಾಗೇ. ಒಬ್ಬರ ಬಾಕಿ ಇನ್ನೊಬ್ಬರ ಲೆಕ್ಕಕ್ಕೆ ಹೋಗಿ ಕೂರಬಹುದು, ಎರರ್ ಕೂಡ ಬರಲ್ಲ. ಕೊನೆಯ 3 ಅಕ್ಷರ ಇರುವುದೇ ಈ ಗೊಂದಲ ತಪ್ಪಿಸಲು.

ಮತ್ತೊಬ್ಬರು: ಎಪಿಐ ಕರೆಗಳಿಗೆ, ಅಂದರೆ ಹೊರಗಿನ ಕೋಡ್ ಸೇಲ್ಸ್‌ಫೋರ್ಸ್‌ಗೆ ಕಳಿಸುವ ಕೋರಿಕೆಗಳಿಗೆ, 24 ಗಂಟೆಗೆ ಇಷ್ಟೇ ಅಂತ ಮಿತಿ ಇದೆ. ಒಂದೊಂದೇ ರೆಕಾರ್ಡ್ ಕಳಿಸಿ ಅದನ್ನು ಸುಮ್ನೆ ಖಾಲಿ ಮಾಡಬೇಡಿ. ಹಲವು ರೆಕಾರ್ಡ್ ಒಟ್ಟಿಗೆ ಕಳಿಸುವ ಕಲೆಕ್ಷನ್ಸ್ ಎಪಿಐ ಬಳಸಿದರೆ ಒಂದು ಕರೆಗೆ 200 ರೆಕಾರ್ಡ್ ಹೋಗುತ್ತದೆ. ಸಾವಿರಗಟ್ಟಲೆ ಇದ್ದರೆ ದೊಡ್ಡ ರಾಶಿಗೆಂದೇ ಇರುವ ಬಲ್ಕ್ ಎಪಿಐ. ಬದಲಾದ ಸಾಲುಗಳನ್ನು ಮಾತ್ರ ಕಳಿಸಿ. ಅಲ್ಲಿಂದ ಏನಾದರೂ ವಾಪಸ್ ತರುವುದಿದ್ದರೆ ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಬರುತ್ತದೆ, ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಪೇಜ್ ತೆರೆದಾಗಲೇ ಆ ಕ್ಷಣದ ಬಾಕಿ ಕಾಣಬೇಕು ಅಂದರೆ?

ಮೊದಲು ಉತ್ತರಿಸಿದವರು: ಏಪೆಕ್ಸ್ (ಸೇಲ್ಸ್‌ಫೋರ್ಸ್ ಒಳಗೆ ಕೋಡ್ ಬರೆಯುವ ಭಾಷೆ) ನೇರವಾಗಿ ಮೈಎಸ್‌ಕ್ಯೂಎಲ್ ಜೊತೆ ಮಾತಾಡಲ್ಲ. ನಡುವೆ ನಿಮ್ಮದೇ ಒಂದು ಚಿಕ್ಕ ವೆಬ್ ಸರ್ವಿಸ್ ಇಡಬೇಕು. ಅದರ ಪಾಸ್‌ವರ್ಡ್ ಸೇಲ್ಸ್‌ಫೋರ್ಸ್‌ನ ನೇಮ್ಡ್ ಕ್ರೆಡೆನ್ಷಿಯಲ್ ಸೆಟ್ಟಿಂಗ್‌ನಲ್ಲಿರಲಿ, ಕೋಡ್‌ನಲ್ಲಿ ಖಂಡಿತ ಬೇಡ. ಕಾಲ್‌ಔಟ್ (ಆ ಸರ್ವಿಸ್‌ಗೆ ಮಾಡುವ ಕರೆ) ಮೊದಲು, ಸೇವ್ ಆಮೇಲೆ. ಉಲ್ಟಾ ಮಾಡಿದರೆ ಏಪೆಕ್ಸ್ ಎರರ್ ಕೊಟ್ಟು ನಿಲ್ಲಿಸುತ್ತದೆ. ನನ್ನ ಕೇಳಿದರೆ, ಗಂಟೆಗೊಮ್ಮೆ ಅಪ್‌ಡೇಟ್ ಆದರೆ ಸಾಕಾ ಅಂತ ಸೇಲ್ಸ್‌ನವರನ್ನೇ ಒಮ್ಮೆ ವಿಚಾರಿಸಿ. ಸಾಕು ಅಂದರೆ ಈ ಲೈವ್ ಕೆಲಸವೇ ಬೇಡ ಅಲ್ವಾ?