ಸಹಾಯ ಬೇಕು: ಹರಿದ ಅಡುಗೆ ಪುಸ್ತಕ ಜ್ಞಾನ ಪೋಸ್ಟಲ್ಲಿ ಹೋಗ್ತದಾ?

ಎಲ್ರಿಗೂ ನಮಸ್ಕಾರ, ನಾನು ಬದಿಯಡ್ಕ ಕಡೆಯವಳು. ಮೂರು ವರ್ಷದಿಂದ ಹಳೇ ಅಡುಗೆ ಪುಸ್ತಕ, ಕ್ರೋಶಾ ಕಡ್ಡಿ, ಕಸೂತಿ ರಿಂಗು ಎಲ್ಲ ಗುಜರಿ ಅಂಗಡಿಯಲ್ಲಿ ಹುಡುಕಿ ಆನ್‌ಲೈನಲ್ಲಿ ಮಾರ್ತಾ ಇದ್ದೇನೆ. ಮೊನ್ನೆ ಕುಂಬಳೆಯಲ್ಲಿ ಒಂದು ಪುಸ್ತಕ ಸಿಕ್ಕಿತು, ಪತ್ರೊಡೆ ಪುಟದಲ್ಲಿ ಎಣ್ಣೆ ಕಲೆ, ಬದಿಯಲ್ಲಿ ಯಾರೋ ಪೆನ್ಸಿಲಲ್ಲಿ "ಹುಳಿ ಸ್ವಲ್ಪ ಜಾಸ್ತಿ ಹಾಕ್ಬೇಕು" ಅಂತ ಬರೆದಿದ್ದಾರೆ, ನೋಡಿ ಮನಸ್ಸು ತುಂಬಿತು, ಫೋಟೋ ಹಾಕಿದ ಕೂಡ್ಲೇ ಧಾರವಾಡದ ಒಬ್ರು ಬೇಕು ಅಂದ್ರು.

ಕಳಿಸುದೇ ತಲೆಬಿಸಿ. 2024ರ ಡಿಸೆಂಬರಲ್ಲಿ ಪುಸ್ತಕಕ್ಕೆ ಕಡಿಮೆ ದರ ಇದ್ದ ಅಂಚೆಯ ಬುಕ್ ಪೋಸ್ಟ್ ನಿಂತಿತು, ಕೊರಿಯರ್ ಕೇಳಿದ್ರೆ ಪುಸ್ತಕಕ್ಕಿಂತ ಚಾರ್ಜೇ ಜಾಸ್ತಿ. 2025 ಮೇ 1ರಿಂದ ಪುಸ್ತಕ ಕಳಿಸ್ಲಿಕ್ಕೆ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಶುರುವಾಗಿದೆ, 300 ಗ್ರಾಮಿಗೆ 20 ರೂಪಾಯಿ, 5 ಕಿಲೋವರೆಗೆ 100, ನಮ್ಮಂಥವರಿಗೆ ಅದೇ ಆಧಾರ. ಆದ್ರೆ ಪುಸ್ತಕದಲ್ಲಿ ಮುದ್ರಕರ ಇಲ್ಲಾ ಪ್ರಕಾಶಕರ ಹೆಸರು ಇರ್ಲೇಬೇಕಂತೆ, ಇದರ ಮೊದಲ ನಾಲ್ಕು ಪುಟವೇ ಹರಿದುಹೋಗಿದೆ, ಕೊನೇ ಪುಟದ ಅಡಿಯಲ್ಲಿ ಪ್ರೆಸ್ಸಿನ ಹೆಸರು ಮಾತ್ರ ಸಣ್ಣಕ್ಷರದಲ್ಲಿ ಉಂಟು. ಒಂದು ಪೋಸ್ಟಾಫೀಸಲ್ಲಿ ಆಗ್ತದೆ ಅಂದ್ರು, ಇನ್ನೊಂದರಲ್ಲಿ ವಾಪಸ್ ಕಳಿಸಿದ್ರು.

ಹಳೇ ಪುಸ್ತಕ ಕಳಿಸಿ ಅನುಭವ ಇರುವವರು ದಯವಿಟ್ಟು ಹೇಳಿ, ಕೊನೇ ಪುಟದ ಪ್ರೆಸ್ ಹೆಸರು ತೋರಿಸಿದ್ರೆ ಸಾಕಾ? ಮತ್ತೆ ಧಾರವಾಡದವರಿಗೆ ಎರಡು ಕ್ರೋಶಾ ಕಡ್ಡಿಯೂ ಬೇಕಂತೆ, ಅದನ್ನು ಬೇರೆ ಪಾರ್ಸೆಲ್ ಮಾಡ್ಲೇಬೇಕಾ?