ಅಪ್‌ಡೇಟ್: ಪುಣೆಯಲ್ಲಿ ಹೊಸ ಕಾರಿನ ವಿಮೆ ಕೊನೆಗೂ ಇಳಿಯಿತು

ಹಳೆಯ ಕಾರನ್ನು ಮಾರಿ ಹೊಸದನ್ನು ಕೊಳ್ಳುತ್ತಿರುವಾಗ ಡೀಲರ್ ಹೇಳಿದ ವಿಮೆಯ ಮೊತ್ತ ದುಬಾರಿಯೆನಿಸಿ, ಅದನ್ನು ಇಳಿಸುವ ದಾರಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಫಲ ಕೊಟ್ಟದ್ದು ನೋ ಕ್ಲೇಮ್ ಬೋನಸ್‌ನ, ಅಂದರೆ ವಿಮಾ ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿಯ ಸಲಹೆ. ಆ ಬೋನಸ್ ಕಾರಿಗಲ್ಲ, ಮಾಲೀಕನಿಗೆ ಸೇರಿದ್ದು. ಆದ್ದರಿಂದ ಮಾರಾಟದ ದಾಖಲೆ ಕೊಟ್ಟು ಹಳೆಯ ವಿಮಾ ಕಂಪನಿಯಿಂದ ಪ್ರಮಾಣಪತ್ರ ಪಡೆದೆ. ಸತತ ಐದು ವರ್ಷ ಕ್ಲೇಮ್ ಮಾಡದಿದ್ದರಿಂದ ಸ್ವಂತ ಹಾನಿಯ (ನನ್ನ ಕಾರಿಗೇ ಆಗುವ ನಷ್ಟದ) ಪ್ರೀಮಿಯಂನಲ್ಲಿ ಶೇ. 50 ಕಡಿತ ದೊರೆಯಿತು. ಈ ಪತ್ರಕ್ಕೆ ಮೂರು ವರ್ಷಗಳ ಮಾನ್ಯತೆಯಿದೆ ಎಂಬುದನ್ನು ಡೀಲರ್ ತಾನಾಗಿ ಹೇಳಲೇ ಇಲ್ಲ!

ಥರ್ಡ್ ಪಾರ್ಟಿ (ನನ್ನ ಕಾರಿನಿಂದ ಇತರರಿಗಾಗುವ ಹಾನಿಯ) ಭಾಗದಲ್ಲಿ ಚೌಕಾಸಿ ನಡೆಯಲಿಲ್ಲ. ಅದು ಸರ್ಕಾರ ನಿಗದಿಪಡಿಸುವ ದರ. 2022ರ ಅಧಿಸೂಚನೆಯಂತೆ 1,000ದಿಂದ 1,500 ಸಿಸಿಯೊಳಗಿನ ಹೊಸ ಖಾಸಗಿ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ, ಮೇಲೆ ಜಿಎಸ್‌ಟಿ. ಐಡಿವಿ (ವಿಮೆಯಲ್ಲಿ ಕಾರಿನ ಬೆಲೆಯೆಂದು ನಮೂದಿಸುವ ಮೊತ್ತ) ತಗ್ಗಿಸುವ ಸಲಹೆಯನ್ನು ನಾನೇ ಕೈಬಿಟ್ಟೆ, ಏಕೆಂದರೆ ಕಾರು ಕಳುವಾದರೆ ಸಿಗುವ ಪರಿಹಾರವೂ ಅಷ್ಟೇ ತಗ್ಗುತ್ತದೆ.

ಧಾರವಾಡದ ಅಣ್ಣನ ಅಂಥದೇ ಕಾರಿಗೆ ವಿಮೆ ಕಡಿಮೆ ಏಕೆ ಎಂಬುದಕ್ಕೂ ಉತ್ತರ ಸಿಕ್ಕಿತು: ಮುಂಬೈ, ಪುಣೆ, ಬೆಂಗಳೂರಿನಂತಹ ಎಂಟು ನಗರಗಳು ವಿಮೆ ಹೆಚ್ಚಿರುವ ಎ ವಲಯ, ಉಳಿದೆಲ್ಲವೂ ಕಡಿಮೆಯಿರುವ ಬಿ ವಲಯ, ವಲಯ ನಿರ್ಧಾರವಾಗುವುದು ಕಾರು ಓಡುವ ಊರಿನಿಂದಲ್ಲ, ನೋಂದಣಿಯಾದ ಊರಿನಿಂದ.