ಸಹಾಯ ಬೇಕು: ಟ್ರೇಲ್ ಕ್ಯಾಮೆರಾದಲ್ಲಿ ಬರೀ ಹುಲ್ಲೇ ಬರ್ತಿದೆ

ನಮಸ್ಕಾರ ಎಲ್ರಿಗೂ, ಮಗಳ ಬಾಣಂತನಕ್ಕೆ ಅಂತ ಮಿಶಿಗನ್‌ಗೆ ಬಂದಿದೀನಿ. ಅಳಿಯನ ಮನೆಯವರು ಇಲ್ಲಿಯವರೇ, ವರ್ಷಾ ವರ್ಷಾ ನವೆಂಬರ್ 15ಕ್ಕೆ ಬಂದೂಕಿನ ಸೀಸನ್ ಶುರು ಆಗ್ತಿದ್ದಂಗೆ ಬೀಗರು, ಅವರ ತಮ್ಮ, ಮಕ್ಕಳು ಎಲ್ಲಾ ಕಣ್ಣು ಕುಕ್ಕೋ ಕಿತ್ತಳೆ ಜಾಕೆಟ್ ಹಾಕ್ಕೊಂಡು ಜಿಂಕೆ ಬೇಟೆಗೆ ಹೊರಡ್ತಾರೆ, 30ರ ತನಕ ಮನೇಲಿ ಅದೇ ಮಾತು. (ನಮ್ಮೂರಲ್ಲಾದ್ರೆ ಜೈಲು, ಇಲ್ಲಿ ಲೈಸೆನ್ಸು!) ನಾನು ಮಾಂಸ ತಿನ್ನಲ್ಲ, ಆದ್ರೆ ಮುಂದೆ ಏನಾದ್ರೂ ಓಡಾಡಿದ್ರೆ ತಾನಾಗೇ ಫೋಟೋ ತೆಗೆಯೋ, ಮರಕ್ಕೆ ಕಟ್ಟಿರೋ ಈ ಟ್ರೇಲ್ ಕ್ಯಾಮೆರಾದ ಕಾರ್ಡ್ ನೋಡೋ ಹುಚ್ಚು ಹಿಡಿದುಬಿಟ್ಟಿದೆ. ಮೊನ್ನೆ ಮಗು ಮಲಗಿಸಿ ಕೂತು ನೋಡಿದ್ರೆ 640 ಫೋಟೋ, ಅದ್ರಲ್ಲಿ ಆರ್ನೂರು ಬರೀ ಅಲ್ಲಾಡೋ ಹುಲ್ಲು, ಒಂದು ಕಾಡು ಟರ್ಕಿ ಬಾಲ, ಒಂದ್ರಲ್ಲಿ ಮಾತ್ರ ದೊಡ್ಡ ಕೊಂಬಿನ ಗಂಡು ಜಿಂಕೆ ಮೂತಿನೇ ಲೆನ್ಸಿಗೆ ಹಚ್ಚಿ ನಿಂತಿದೆ, ಮೂಗಿನ ಮೇಲಿನ ಹನಿ ಸಹ ಕಾಣುತ್ತೆ.

ಗೊತ್ತಿರೋರು ಹೇಳಿ, ಕ್ಯಾಮೆರಾ ಈಗ ಪಶ್ಚಿಮಕ್ಕೆ ಮುಖ ಮಾಡಿದೆ, ಉತ್ತರಕ್ಕೆ ತಿರುಗಿಸಿದ್ರೆ ಸಂಜೆ ಬಿಸಿಲಿಗೆ ಸುಮ್ಸುಮ್ನೆ ಕ್ಲಿಕ್ ಆಗೋದು ನಿಲ್ಲುತ್ತಾ, ಇಲ್ಲಾ ಮುಂದಿನ ಹುಲ್ಲು ಕತ್ತರಿಸಿದ್ರೆ ಸಾಕಾ? ಆಲ್ಕಲೈನ್ ಸೆಲ್ ಚಳಿಗೆ ಬೇಗ ಸತ್ತೋಗ್ತಿವೆ, ಲಿಥಿಯಂ ತಗೊಳ್ಳಲಾ? ಕತ್ತಲಲ್ಲಿ ಫೋಟೋ ತೆಗೆಯೋಕೆ ಇದ್ರಲ್ಲಿರೋ ಇನ್‌ಫ್ರಾರೆಡ್ ಲೈಟು 850 ನ್ಯಾನೋಮೀಟರಿಂದು, ರಾತ್ರಿ ಮಂದವಾಗಿ ಕೆಂಪಗೆ ಕಾಣುತ್ತೆ, ಜಿಂಕೆ ಅದಕ್ಕೇ ಬಂದು ಮೂಸ್ತಾವಾ? 940ದು ಹಾಕಿದ್ರೆ ಫೋಟೋ ಕಪ್ಪಾಗುತ್ತೆ ಅಂತಾರೆ ಬೀಗರು. ಸೀಸನ್‌ಗೆ ಇನ್ನು ಒಂದೇ ವಾರ ಇರೋದು, ಬೇಗ ಹೇಳ್ರಪ್ಪಾ.